ಸದಾಶಿವನಗರದ ಪ್ಲಾಟು

ಬೆಳಗಾವಿ
೨೭ ಜೂನ್ ೧೯೭೪

ಚಿ. ಸೌ. ಸತ್ಯವ್ವನಿಗೆ ದುಂಡಪ್ಪನ ಆಶೀರ್ವಾದಗಳು.

ನಾನು ಆರಾಮ ಇದ್ದೇನೆ. ನಿನಗೊಂದು ಸಂತೋಷದ ಸುದ್ದಿ ಹೇಳಬೇಕು. ಸದಾಶಿವನಗರದಲ್ಲಿ ನಮ್ಮದೇ ಅಂತ ಒಂದು ಪ್ಲಾಟು ಹಿಡಿದಿದ್ದೇನೆ. ನಿನ್ನೆ ಆಫೀಸು ಬಿಟ್ಟ ಮೇಲೆ ನಾನೂ ಬಸಲಿಂಗಪ್ಪನೂ ಹೋಗಿ ನೋಡಿ ಬಂದೆವು. ಬಸಲಿಂಗಪ್ಪ ಅಂದರೆ ಇಲ್ಲಿ ಶಿವಬಸವ ನಗರದ ಖೋಲಿಯಲ್ಲಿ ನನ್ನ ಜೊತೆ ಇರುವವನು, ನಮ್ಮ ಆಫೀಸಿನವನೇ. ಸದ್ಯ ಅಲ್ಲಿ ಹುಲ್ಲು, ಕಲ್ಲು ಬಿಟ್ಟರೆ ಏನೂ ಇಲ್ಲ. ಆದರೂ ನಾನು ಈ ಮೂಲೆಯಿಂದ ಆ ಮೂಲೆಗೆ ನಡೆದು ಇದು ಪಡಸಾಲೆ, ಇದು ಅಡುಗೆಮನೆ, ಇಲ್ಲಿ ನಿನ್ನ ಬಚ್ಚಲು ಎಂದು ತೋರಿಸುತ್ತಿದ್ದೆ. ಅವನು ನಗುತ್ತ, "ಹಂಗಾರ ಚಪ್ಪಲಿ ಹೊರಗ ಬಿಡ್ಲೇನು?" ಎಂದು ಕೇಳಿದ.

ಇನ್ನು ಮೇಲೆ ಪ್ರತಿ ತಿಂಗಳು ಕಂತು ಕಟ್ಟಬೇಕು. ಅದಕ್ಕಾಗಿ ಖಡೇಬಜಾರದ ಒಂದು ಅರಿವೆ ಅಂಗಡಿಯಲ್ಲಿ ರವಿವಾರ ಲೆಕ್ಕ ಬರೆಯುವ ಕೆಲಸ ಒಪ್ಪಿಕೊಂಡಿದ್ದೇನೆ. ಹೀಗಾಗಿ ಶನಿವಾರದ ಸಂಜೆ ಬಸ್ಸಿಗೆ ನಾನು ಬರುತ್ತಿದ್ದುದು ನಿಲ್ಲುತ್ತದೆ. ತಿಂಗಳಿಗೊಮ್ಮೆ ಬರುತ್ತೇನೆ. ಬಸ್ಸಿನ ಖರ್ಚೂ ಉಳಿಯುತ್ತದೆ. ನಿನ್ನ ಸಾಲೆಯಿಂದ ಬೆಳಗಾವಿಗೆ ವರ್ಗ ಸಿಗಲು ಹೇಗೂ ವರ್ಷಗಳು ಬೇಕು. ಅಷ್ಟರಲ್ಲಿ ಮನೆ ಎದ್ದರೆ ನೀನು ನೇರ ಸ್ವಂತ ಮನೆಗೇ ಕಾಲಿಡಬಹುದು.

ನೀನು ತಿಳಿದವಳು. ಬೇಜಾರು ಮಾಡಿಕೊಳ್ಳಬೇಡ.

ದುಂಡಪ್ಪ


ಖಾನಾಪುರ
೨ ಜುಲೈ ೧೯೭೪

ನಿಮಗೆ ಸತ್ಯವ್ವನ ನಮಸ್ಕಾರಗಳು.

ಪತ್ರ ನಿನ್ನೆ ಸೋಮವಾರ ಕೈಗೆ ಬಂತು. ಪ್ಲಾಟಿನ ಸುದ್ದಿ ಓದಿ ಸಂತೋಷವಾಯಿತು. ಮನೆಯ ಮಾಲಕಿ ಮದರಬೀಗೂ ಓದಿ ಹೇಳಿದೆ. ಅವಳು ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು.

ಶನಿವಾರ ನೀವು ಬರುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಬಸ್ಟ್ಯಾಂಡಿಗೆ ಹೋಗಿದ್ದೆ. ಅದೇನು ದೊಡ್ಡದಲ್ಲ, ಬರುವಾಗ ಕಾಯಿಪಲ್ಯ ತೆಗೆದುಕೊಂಡು ಬಂದೆ.

ತಿಂಗಳಿಗೊಮ್ಮೆ ಎಂದರೆ ಯಾವ ಶನಿವಾರ ಎಂದು ತಿಳಿಸಿದರೆ ಅನುಕೂಲ.

ಸತ್ಯವ್ವ


ಖಾನಾಪುರ
೧೯ ಆಗಸ್ಟ್ ೧೯೭೪

ನಿಮಗೆ ನಮಸ್ಕಾರಗಳು.

ಹೋದ ಪತ್ರದಲ್ಲಿ ಒಂದು ಮಾತು ಬರೆಯದೆ ಬಿಟ್ಟಿದ್ದೆ. ನನ್ನ ಪಗಾರದ ಹಳೇ ಬಾಕಿ ಬರುವುದಿತ್ತು. ಅದು ಬಂತು. ಬರುತ್ತದೋ ಇಲ್ಲವೋ ಎಂದು ಹೇಳಿರಲಿಲ್ಲ.

ಆ ದುಡ್ಡಿನಲ್ಲಿ ಒಂದು ಸಾಗವಾನಿ ಮಂಚ ಮಾಡಿಸಿದೆ. ಇಲ್ಲಿ ಕಟ್ಟಿಗೆ ಒಳ್ಳೆಯದು ಸಿಗುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ಬಡಗಿ ತಲೆದಿಂಬಿನ ಕಡೆ ಎರಡು ಗಿಳಿ ಕೆತ್ತಿದ್ದಾನೆ. ನಾನು ಹೇಳಿರಲಿಲ್ಲ, ಅವನಾಗಿಯೇ ಕೆತ್ತಿದ. ಎಷ್ಟು ಅಗಲ ಬೇಕು ಎಂದು ಅವನು ಕೇಳಿದಾಗ ನಾನು ಮದರಬೀಯ ಕಡೆ ನೋಡಿದೆ. ಮದರಬೀಯೇ ಮುಂದೆ ಬಂದು, "ಗಂಡ ಹೆಂಡತಿ ಮಲಗೂದೈತಿ, ಅಷ್ಟ ಅಗಲ ಮಾಡು" ಎಂದುಬಿಟ್ಟಳು. ನಾನು ಒಳಗೆ ಓಡಿಹೋದೆ.

ಖೋಲಿಯಲ್ಲಿ ಈಗ ಅಡ್ಡಾಡಲು ಜಾಗವಿಲ್ಲ. ನೀವು ಮುಂದಿನ ವಾರ ಬರುತ್ತೀರಲ್ಲ, ನೋಡುವಿರಂತೆ.

ಸತ್ಯವ್ವ


ಬೆಳಗಾವಿ
೨೩ ಆಗಸ್ಟ್ ೧೯೭೪

ಚಿ. ಸೌ. ಸತ್ಯವ್ವನಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಆಶ್ಚರ್ಯವಾಯಿತು. ಬಾಕಿ ಬರುವುದನ್ನು ನೀನು ಮೊದಲೇ ತಿಳಿಸಿದ್ದರೆ ಎರಡು ಕಂತು ಒಮ್ಮೆಲೇ ಕಟ್ಟಬಹುದಿತ್ತು. ನಾನು ಇಲ್ಲಿ ಖಾನಾವಳಿಯಲ್ಲಿ ಒಂದೇ ಹೊತ್ತು ಊಟ ಮಾಡಿ, ಸಂಜೆ ಚುರಮರಿಯ ಮೇಲೆ ದಿನ ತೆಗೆಯುತ್ತಿದ್ದೇನೆ. ಇದನ್ನು ಹೇಳಬಾರದೆಂದಿದ್ದೆ, ನೀನೇ ಹೇಳುವಂತೆ ಮಾಡಿದೆ.

ಮಂಚ ಬೇಕಾದರೆ ಮನೆ ಕಟ್ಟಿದ ಮೇಲೆ ಮಾಡಿಸಬಹುದಿತ್ತು. ನೀನು ಒಬ್ಬಳೇ ಇರುವ ಬಾಡಿಗೆ ಖೋಲಿಯಲ್ಲಿ ಅಷ್ಟು ಅಗಲದ ಮಂಚ ಏತಕ್ಕೆ?

ಈ ಸಲ ಬರಲಾಗುವುದಿಲ್ಲ. ಅಂಗಡಿಯಲ್ಲಿ ಗಣಪತಿ ಹಬ್ಬಕ್ಕೆ ಈಗಿಂದಲೇ ಮಾಲು ಬರುವ ಗದ್ದಲ.

ದುಂಡಪ್ಪ


ಖಾನಾಪುರ
೩೦ ಆಗಸ್ಟ್ ೧೯೭೪

ನಮಸ್ಕಾರಗಳು.

ಮಂಚ ಕೊಟ್ಟುಬಿಟ್ಟೆ. ಬಂದ ದುಡ್ಡು ಮನಿಯಾರ್ಡರ್ ಮಾಡಿದ್ದೇನೆ. ಕಂತಿಗೆ ಕಟ್ಟಿರಿ. ಎರಡೂ ಹೊತ್ತು ಊಟ ಮಾಡಿರಿ.

ಸತ್ಯವ್ವ


ಬೆಳಗಾವಿ
೮ ಸೆಪ್ಟೆಂಬರ್ ೧೯೭೪

ಚಿ. ಸೌ. ಸತ್ಯವ್ವನಿಗೆ ಆಶೀರ್ವಾದ.

ಮನಿಯಾರ್ಡರ್ ಮುಟ್ಟಿತು. ನೀನು ಇಷ್ಟು ಬೇಗ ತಿಳಿದುಕೊಂಡೆಯಲ್ಲ ಎಂದು ಸಮಾಧಾನವಾಯಿತು. ನಿನ್ನ ಪತ್ರ ಸಣ್ಣದಿತ್ತು. ಸಾಲೆಯ ಕೆಲಸ ಜಾಸ್ತಿ ಇರಬೇಕು. ಹೆಚ್ಚು ಬರೆಯುವಂಥ ತೊಂದರೆ ಏನೂ ಇಲ್ಲ ಅಂತಲೇ ನಾನು ತಿಳಿದುಕೊಂಡಿದ್ದೇನೆ.

ಪ್ಲಾಟಿನ ನಾಲ್ಕು ಮೂಲೆಗೆ ಕಲ್ಲು ನೆಟ್ಟಿದ್ದಾರೆ. ಅದರ ಮೇಲೆ ಸುಣ್ಣದಿಂದ ನಂಬರು ಬರೆದಿದ್ದಾರೆ. ನೋಡಿದರೆ ಹೊಟ್ಟೆ ತುಂಬುತ್ತದೆ.

ದುಂಡಪ್ಪ


ಬೆಳಗಾವಿ
೧೦ ನವೆಂಬರ್ ೧೯೭೫

ಚಿ. ಸೌ. ಸತ್ಯವ್ವನಿಗೂ ಕೂಸು ಮಲ್ಲವ್ವನಿಗೂ ಆಶೀರ್ವಾದಗಳು.

ದೀಪಾವಳಿಗೆ ಬರಲಾಗಲಿಲ್ಲ. ಕೂಸಿನ ಮೊದಲ ದೀಪಾವಳಿ ಎಂಬುದು ನನಗೂ ನೆನಪಿತ್ತು. ಆದರೆ ಹಬ್ಬದ ದಿನಗಳಲ್ಲಿ ಅಂಗಡಿಯವರು ಎರಡರಷ್ಟು ಕೂಲಿ ಕೊಡುತ್ತಾರೆ. ಅದನ್ನು ಬಿಟ್ಟು ಬಂದಿದ್ದರೆ ಆಮೇಲೆ ನೀನೇ ಯಾಕೆ ಬಿಟ್ಟಿರಿ ಎನ್ನುತ್ತಿದ್ದೆ. ಬಸಲಿಂಗಪ್ಪನ ಕೈಯಲ್ಲಿ ಕೂಸಿಗೆ ಒಂದು ಕುಲಾವಿ, ಒಂದು ಡಬ್ಬಿ ಕುಂದಾ ಕಳಿಸಿದ್ದೇನೆ. ಕುಂದಾ ನಿನಗೆ.

ನಿಮ್ಮವ್ವ ಇನ್ನೂ ಅಲ್ಲೇ ಇದ್ದಾರೋ, ಊರಿಗೆ ಹೋದರೋ ತಿಳಿಸು.

ದುಂಡಪ್ಪ


ಖಾನಾಪುರ
೨೦ ನವೆಂಬರ್ ೧೯೭೫

ನಮಸ್ಕಾರಗಳು.

ಕುಲಾವಿ ಸಣ್ಣದಾಯಿತು. ಕೂಸು ನೀವು ನೋಡಿದ್ದಕ್ಕಿಂತ ದೊಡ್ಡದಾಗಿದೆ. ಕುಂದಾ ಚೆನ್ನಾಗಿತ್ತು. ಅವ್ವ ಊರಿಗೆ ಹೋದಳು. ನಾನು ಸಾಲೆಗೆ ಹೋದಾಗ ಮದರಬೀ ನೋಡಿಕೊಳ್ಳುತ್ತಾಳೆ. ಎಲ್ಲ ಸರಿಯಾಗಿದೆ.

ಸತ್ಯವ್ವ


ಬೆಳಗಾವಿ
೬ ಮಾರ್ಚ್ ೧೯೭೮

ಸತ್ಯವ್ವಾ,

ನಿನ್ನೆ ಸಂಜೆ ಖಾನಾಪುರದಿಂದ ಬಂದವನು ಈ ಹೊತ್ತು ಆಫೀಸಿಗೆ ರಜೆ ಹಾಕಿ ಖೋಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಜ್ವರ ಬಂದಿಲ್ಲ, ಹೆದರಬೇಡ.

ಶನಿವಾರ ನಾನು ಬಂದಾಗ ನೀನು ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ಬಾಗಿಲಲ್ಲಿ ಮಲ್ಲು ಒಬ್ಬಳೇ ನಿಂತಿದ್ದಳು. ನನ್ನನ್ನು ನೋಡಿ ಓಡಿ ಬರುತ್ತಾಳೆಂದು ಚೀಲ ಕೆಳಗಿಟ್ಟು ಕೈ ಚಾಚಿದೆ. ಅವಳು ಸೆರಗಿಲ್ಲದಿದ್ದರೂ ದೊಡ್ಡ ಹೆಂಗಸರ ಹಾಗೆ ಲಂಗ ಸರಿಮಾಡಿಕೊಂಡು ಹಿಂದೆ ಸರಿದು ನಿಂತು, "ಬರ್ರಿ, ಕುಂದರ್ರಿ. ಅವ್ವ ಬರ್ತಾಳ" ಎಂದಳು. ಚಾಪೆ ಎಳೆಯಲು ಹೋದಳು. ಅದು ಅವಳ ಕೈಗೆ ಭಾರವಾಗಿತ್ತು.

ನೀನು ಬಂದಾಗ ನಾನು ಅದನ್ನೇ ಹೇಳಿ ನಕ್ಕೆ. ನೀನೂ ನಕ್ಕೆ. ಮಗಳು ಎಷ್ಟು ಶಾಣ್ಯಾ ಆಗಿದ್ದಾಳೆ ಎಂದು ಇಬ್ಬರೂ ಮಾತಾಡಿದೆವು. ಆದರೆ ರವಿವಾರ ಹೊರಡುವಾಗ ಅವಳು ಕೇಳಿದ್ದನ್ನು ನೀನು ಕೇಳಿಸಿಕೊಂಡಿರಲಿಕ್ಕಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅವಳು ಬಾಜು ಬಂದು ಮೆಲ್ಲಗೆ, "ನಿಮ್ಮ ಮನಿ ಎಲ್ಲೈತ್ರಿ?" ಎಂದು ಕೇಳಿದಳು.

ಸದಾಶಿವನಗರ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಕ್ಕೆ ಆಗಲಿಲ್ಲ.

ಇನ್ನೊಂದು. ಹೊರಡುವ ಮೊದಲು ಮದರಬೀಗೆ ಹೇಳಿ ಹೋಗೋಣವೆಂದು ಆಕೆಯ ಪಡಸಾಲೆಗೆ ಹೋದೆ. ಅಲ್ಲಿ ಒಂದು ಮಂಚ. ತಲೆಯ ಕಡೆ ಎರಡು ಗಿಳಿ. ಇಷ್ಟು ವರ್ಷ ನಾನು ಅವರ ಪಡಸಾಲೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ ನೋಡು. ಬಾಗಿಲಲ್ಲೇ ಮಾತಾಡಿಸಿ ಬಸ್ಸಿಗೆ ಓಡುತ್ತಿದ್ದೆ. ಮಂಚದ ಮೇಲೆ ಅಕ್ಕಿ ಚೀಲ, ಹಾಸಿಗೆ ಸುತ್ತಿ ಇಟ್ಟಿದ್ದರು. ನಾನು ಕೇಳಿದೆ. ಆಕೆ ಅಕ್ಕಿ ಚೀಲ ಬದಿಗೆ ಸರಿಸಿದಳು. ಆಮೇಲೆ ಹೇಳಿದಳು. "ನಿನ್ನ ಹೇಣ್ತಿ ಮಾರಾಕ ಹೊಂಟಿದ್ಲಪ್ಪಾ. ಬ್ಯಾರೇದವರ ಮನಿಗಿ ಹೋಗೂದ ಬ್ಯಾಡಂತ ನಾ ತಗೊಂಡೆ. ನಾ ಒಬ್ಬಾಕಿ, ಇಷ್ಟ ಅಗಲದ್ರಾಗ ಮಲಗಾಕ ನನಗ ನಿದ್ದಿ ಬರೂದಿಲ್ಲ."

ಬಸ್ಸಿನಲ್ಲಿ ಕಿಡಕಿಯ ಹತ್ತಿರ ಕುಳಿತಿದ್ದೆ. ಆ ಪತ್ರದಲ್ಲಿ ನಿನಗೆ ಏನು ಬರೆದಿದ್ದೆ ಎಂಬುದು ಅಕ್ಷರ ಅಕ್ಷರ ನೆನಪಾಯಿತು. ನೀನು ಏತಕ್ಕೆ ಮಾಡಿಸಿದ್ದೆ ಎಂಬುದು ನನಗೆ ಈಗ ತಿಳಿಯಿತು. ಆಗ ಖರೇ ಅಂದರೂ ತಿಳಿದಿರಲಿಲ್ಲ.

ನನಗೆ ಏನಾದರೂ ಬರೆ. ಸಣ್ಣ ಪತ್ರ ಬರೆಯಬೇಡ.

ದುಂಡಪ್ಪ


ಖಾನಾಪುರ
೧೧ ಮಾರ್ಚ್ ೧೯೭೮

ನಿಮಗೆ,

ದೊಡ್ಡ ಪತ್ರ ಕೇಳಿದ್ದೀರಿ. ಬರೆಯುತ್ತೇನೆ.

ಮಲ್ಲುಗೆ ಹಾಗೆ ಮಾತಾಡಲು ನಾನು ಕಲಿಸಲಿಲ್ಲ. ಅವಳು ನೋಡಿ ಕಲಿತಳು. ನೀವು ಬರುವ ದಿನ ನಾನು ಮನೆ ಸಾರಿಸುತ್ತೇನೆ, ಮೇಲಿನ ಹಲಗೆಯಿಂದ ಊಟಕ್ಕೆ ಒಳ್ಳೆಯ ಗಂಗಾಳ ಇಳಿಸುತ್ತೇನೆ, ಒಗೆದ ಚಾದರ ಹಾಸುತ್ತೇನೆ. ನೀವು ಹೋದ ಮೇಲೆ ಗಂಗಾಳ ಮೇಲೆ ಹೋಗುತ್ತದೆ. ಮನೆಯವರಿಗೆ ಯಾರಾದರೂ ಹೀಗೆ ಮಾಡುತ್ತಾರೆಯೇ? ಕೂಸಿಗೆ ಎರಡೂವರೆ ವರ್ಷ, ಅದಕ್ಕೆ ತಿಳಿದದ್ದು ನಮಗೆ ತಿಳಿಯಲಿಲ್ಲ.

ನೀವು ಮನೆಗಾಗಿ ಉಳಿಸುತ್ತಿದ್ದೀರಿ, ಕುಡಿಯುವವರಲ್ಲ, ಇಸ್ಪೀಟು ಆಡುವವರಲ್ಲ. ಇಂಥವರ ಮೇಲೆ ಸಿಟ್ಟಾಗುವುದು ಹೇಗೆ? ಯಾರ ಮುಂದೆ ಹೇಳಿದರೂ, "ನಿನ್ನಂಥ ನಸೀಬು ಯಾರಿಗೈತಿ?" ಎನ್ನುತ್ತಾರೆ. ಅದಕ್ಕೇ ನಾನು ಯಾರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಹೋದ ವರ್ಷ ಮಲ್ಲುಗೆ ಗೋವರದ ಗುಳ್ಳೆ ಎದ್ದು ಜ್ವರದಿಂದ ಮೈ ಸುಡುತ್ತಿದ್ದಾಗ, ಎಲ್ಲ ಸರಿಯಾಗಿದೆ ಎಂದು ಬರೆದೆ. ಬರೆದರೆ ನೀವು ಬರುತ್ತಿದ್ದಿರಿ. ಬಂದರೆ ಆ ವಾರದ ಕೂಲಿ ಹೋಗುತ್ತಿತ್ತು. ನಾನೂ ನಿಮ್ಮ ಹಾಗೆಯೇ ಲೆಕ್ಕ ಹಾಕಲು ಕಲಿತಿದ್ದೆ.

ನನಗೂ ಮನೆ ಬೇಕು. ಬೇಡವೆಂದು ನಾನು ಎಂದೂ ಹೇಳಿಲ್ಲ. ಸಾಲೆಯಲ್ಲಿ ಮಕ್ಕಳಿಗೆ ಮನೆಯ ಚಿತ್ರ ಬರೆಯಲು ಹೇಳಿದಾಗ ನಾನೂ ಗೋಡೆಯ ಕರಿ ಫಳಿಯ ಮೇಲೆ ನಮ್ಮದನ್ನೇ ಬರೆಯುತ್ತೇನೆ. ಆದರೆ ಆ ಮನೆಯೊಳಗೆ ನೀವು ಎಲ್ಲಿ ಕುಳಿತಿರುತ್ತೀರಿ, ಏನು ಮಾಡುತ್ತಿರುತ್ತೀರಿ ಎಂದು ಯೋಚಿಸಿದರೆ ಕಣ್ಣ ಮುಂದೆ ಬರುವುದಿಲ್ಲ. ನೀವು ಮನೆಯಲ್ಲಿ ಹೇಗಿರುತ್ತೀರಿ ಎಂದು ನನಗೆ ಗೊತ್ತೇ ಇಲ್ಲ.

ತಪ್ಪು ಮಾಡಿದೆನೆಂದು ಮುಂದಿನ ಶನಿವಾರ ಓಡಿ ಬರಬೇಡಿರಿ. ಹಾಗೆ ಬಂದರೆ ಮತ್ತೆ ಬಂದು ಹೋಗುವ ನೆಂಟರು, ಪಾವಣ್ಯಾರೇ ಆಗುತ್ತೀರಿ.

ಸತ್ಯವ್ವ


ಖಾನಾಪುರ
೧೬ ಏಪ್ರಿಲ್ ೧೯೭೮

ನಿಮಗೆ ನಮಸ್ಕಾರಗಳು.

ತಿಂಗಳಾಯಿತು, ನಿಮ್ಮ ಪತ್ರವಿಲ್ಲ. ಈ ತಿಂಗಳು ನೀವೂ ಬರಲಿಲ್ಲ. ದಿನಾ ಪೋಸ್ಟಮನ್ ನಮ್ಮ ಓಣಿಗೆ ಬಂದರೆ ಬಾಗಿಲಿಗೆ ಬರುತ್ತೇನೆ. ಅವನು ದೂರದಿಂದಲೇ ಕೈ ಆಡಿಸಿ ಹೋಗುತ್ತಾನೆ.

ನಾನು ಬಹಳ ಅಂದೆನೇನೋ. ಹೆಣ್ಣುಮಗಳು ಗಂಡನಿಗೆ ಬರೆಯುವಂಥ ಮಾತಾಗಿರಲಿಲ್ಲ. ಮರೆತುಬಿಡಿರಿ. ಈ ತಿಂಗಳ ಕಂತಿಗೆ ನನ್ನ ಪಾಲಿನದು ಕಳಿಸಿದ್ದೇನೆ. ಮಲ್ಲು ಆರಾಮ ಇದ್ದಾಳೆ. ಇದು ಖರೇ ಆರಾಮ, ಸುಳ್ಳು ಬರೆದಿಲ್ಲ.

ಸತ್ಯವ್ವ


ಬೆಳಗಾವಿ
೨೨ ಏಪ್ರಿಲ್ ೧೯೭೮

ಸತ್ಯವ್ವಾ,

ಸಿಟ್ಟಾಗಿ ಸುಮ್ಮನಿರಲಿಲ್ಲ. ಮಾಡುವುದನ್ನು ಮಾಡಿ ಮುಗಿಸಿಯೇ ಬರೆಯಬೇಕೆಂದು ಹಟ ಹಿಡಿದಿದ್ದೆ. ಮೊದಲೇ ಬರೆದಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನೂ ಹೂಂ ಎಂದು ಹಿಂದೆ ಸರಿಯುತ್ತಿದ್ದೆ.

ಪ್ಲಾಟು ಬಸಲಿಂಗಪ್ಪನಿಗೆ ಬಿಟ್ಟುಕೊಟ್ಟೆ. ಕಟ್ಟಿದ ಕಂತೆಲ್ಲ ಅವನು ನಮಗೆ ಕೊಡುತ್ತಾನೆ, ಮುಂದಿನದನ್ನು ಅವನು ಕಟ್ಟಿಕೊಳ್ಳುತ್ತಾನೆ. ಕಾಗದಕ್ಕೆ ಸಹಿ ಹಾಕುವಾಗ ಅವನು ನನ್ನ ಕೈ ಹಿಡಿದು, "ಇನ್ನೂ ಒಮ್ಮಿ ವಿಚಾರ ಮಾಡು. ನಾಳೆ ಇಲ್ಲಿ ಹಿಡಿ ಮಣ್ಣೂ ಸಿಗಾಂಗಿಲ್ಲ" ಎಂದ. ಒಳ್ಳೆಯವನು. ನಾನು ವಿಚಾರ ಮಾಡಲಿಲ್ಲ. ಮಾಡಿದ್ದರೆ ಸಹಿ ಹಾಕುತ್ತಿರಲಿಲ್ಲ.

ಅರಿವೆ ಅಂಗಡಿಯ ಕೆಲಸವನ್ನೂ ಬಿಟ್ಟೆ. ರೈಲಿನ ತಿಂಗಳ ಪಾಸು ತೆಗೆಸಿದೆ. ಮುಂಜಾನೆ ಖಾನಾಪುರದಿಂದ ಪ್ಯಾಸೆಂಜರ್ ಹಿಡಿದು ಆಫೀಸಿಗೆ, ಸಂಜೆ ಮತ್ತೆ ಖಾನಾಪುರಕ್ಕೆ. ಗಾಡಿ ತಡವಾದ ದಿನ ಆಫೀಸಿನಲ್ಲಿ ಬೈಗುಳ ತಿನ್ನಬೇಕಾಗುತ್ತದೆ, ತಿನ್ನುತ್ತೇನೆ. ಪಾಸಿನ ಖರ್ಚು ಮೊದಲಿನ ಬಸ್ಸಿನ ಖರ್ಚಿಗಿಂತ ಹೆಚ್ಚು. ಅದನ್ನು ಕೊಡುವಾಗ ನನ್ನ ಕೈ ಹಿಂದೆಮುಂದೆ ನೋಡಲಿಲ್ಲ. ನನಗೇ ಆಶ್ಚರ್ಯವಾಯಿತು.

ಈ ತಿಂಗಳ ಕಡೇ ರವಿವಾರ ಬರುತ್ತೇನೆ. ಸಾರಿಸಬೇಡ, ಗಂಗಾಳ ಇಳಿಸಬೇಡ. ಗೋಡೆಯ ಗೂಟದಲ್ಲಿ ನನ್ನ ಅಂಗಿಗೆ ಜಾಗ ಮಾಡಿದರೆ ಸಾಕು. ಮನೆ ಹೋಯಿತೆಂದು ನಿನಗೆ ಸಿಟ್ಟು ಬಂದರೆ ಎದುರಿಗೆ ಹೇಳು, ಬರೆಯಬೇಡ.

ದುಂಡಪ್ಪ


ಬೆಳಗಾವಿ
೮ ಡಿಸೆಂಬರ್ ೧೯೮೫

ನಿಮಗೆ,

ಒಂದೇ ಖೋಲಿಯಲ್ಲಿದ್ದು ಏಳು ವರ್ಷ ನಿಮಗೆ ಪತ್ರ ಬರೆದಿಲ್ಲ. ಪತ್ರದ ತಲೆಗೆ ಏನು ಬರೆಯಬೇಕೆಂದು ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ನಮಸ್ಕಾರಗಳು ಎಂದು ಬರೆದರೆ ನೀವು ನಗುತ್ತೀರಿ.

ಸಾಲೆಯಿಂದ ಕಳಿಸಿದ ಒಂದು ತಿಂಗಳ ತರಬೇತಿ ನಡೆದಿದೆ. ಹಾಸ್ಟೆಲಿನ ಊಟ ಸಪ್ಪಗೆ. ನನ್ನ ವಯಸ್ಸಿನ ಮಾಸ್ತರಬಾಯಿಯರೆಲ್ಲ ಮತ್ತೆ ಹುಡುಗಿಯರಾಗಿ ಬೆಂಚಿನ ಮೇಲೆ ಕೂರುತ್ತೇವೆ. ತಿಂಗಳು ಮುಗಿದರೆ ಸಾಕಾಗಿದೆ.

ಈ ಹೊತ್ತು ಬಸಲಿಂಗಪ್ಪನವರ ಮನೆಗೆ ಊಟಕ್ಕೆ ಹೋಗಿದ್ದೆ. ಅವರೇ ಹಾಸ್ಟೆಲಿಗೆ ಬಂದು ಕರೆದಿದ್ದರು. ಹೋಗಬಾರದೆಂದಿದ್ದೆ, ಬಿಡಲಿಲ್ಲ. ಸದಾಶಿವನಗರ ಈಗ ಗುರುತು ಸಿಗುವುದಿಲ್ಲ. ಮನೆಯ ಮುಂದೆ ದಾಸವಾಳ, ಒಳಗೆ ನೆಲಕ್ಕೆ ನುಣ್ಣಗಿನ ಫರಸಿ ಕಲ್ಲು. ಅವರ ಹೆಂಡತಿ ಶಿವಬಸವ್ವ ನನಗೆ ಒಂದೊಂದೇ ಖೋಲಿ ತೋರಿಸಿದಳು. ಅಡುಗೆಮನೆಯ ಕಿಡಕಿಯಿಂದ ಮುಂಜಾನೆ ಬಿಸಿಲು ಒಲೆಯ ಮೇಲೇ ಬೀಳುತ್ತದಂತೆ. ನಲ್ಲಿ ತಿರುಗಿಸಿದರೆ ನೀರು.

ಆ ಮನೆಯಲ್ಲಿ ದುಃಖವಿದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಇಲ್ಲ. ಗಂಡ ಹೆಂಡತಿ ನಗುತ್ತಾರೆ. ಮಕ್ಕಳು ಜಗಳಾಡುತ್ತಾರೆ, ಮತ್ತೆ ಕೂಡಿ ಉಣ್ಣುತ್ತಾರೆ. ಶಿವಬಸವ್ವ ಎಲೆಗೆ ತುಪ್ಪ ಹಾಕುತ್ತ, "ಇದು ನಿಮ್ಮ ಮನೀನೂ ಹೌದ್ರಿ. ನಮ್ಮನಿಯವರು ದಿನಾ ನೆನಸ್ತಾರ" ಎಂದಳು. ಮನಸ್ಸಿನಿಂದಲೇ ಹೇಳಿದಳು. ಅದಕ್ಕೇ ನಾನು ಮುಂದಿನ ತುತ್ತು ಎಲೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದೆ.

ಹೊರಗೆ ಬಂದು ತಿರುವಿನ ತನಕ ಸರಿಯಾಗಿ ನಡೆದೆ. ಅಲ್ಲಿಂದ ಅಳು ಬಂತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಮಲ್ಲುಗೆ ಹತ್ತು ವರ್ಷ. ಇನ್ನೂ ಒಂದೇ ಖೋಲಿಯಲ್ಲಿ ನಿಮ್ಮ ಕಾಲು, ಅವಳ ಪುಸ್ತಕ, ನನ್ನ ಒಲೆ. ಮಳೆಗಾಲದಲ್ಲಿ ಅರಿವೆ ಒಣಗುವುದಿಲ್ಲ. ನಾನು ಆ ದಿನ ಆ ಪತ್ರ ಬರೆಯದೆ ಇದ್ದಿದ್ದರೆ ನೀವು ಪ್ಲಾಟು ಬಿಡುತ್ತಿರಲಿಲ್ಲ. ಇಷ್ಟು ವರ್ಷ ನೀವು ಒಮ್ಮೆಯೂ ಅದರ ಮಾತು ತೆಗೆದಿಲ್ಲ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಕೇಳಲು ನನಗೆ ಎದುರಿಗೆ ಧೈರ್ಯವಾಗಲಿಲ್ಲ. ದೂರದಿಂದ ಕೇಳುತ್ತಿದ್ದೇನೆ.

ಸತ್ಯವ್ವ


ಖಾನಾಪುರ
೧೨ ಡಿಸೆಂಬರ್ ೧೯೮೫

ಸತ್ಯಾ,

ನಿನ್ನ ಪತ್ರ ಬಂದಾಗ ಮಲ್ಲು ನನ್ನ ಕೈಯಿಂದ ಕಸಿದುಕೊಂಡು ಮೊದಲು ತಾನೇ ಓದಲು ಕುಳಿತಳು. ಅರ್ಧ ಓದಿ ನನ್ನ ಮುಖ ನೋಡಿ ತಿರುಗಿ ಕೊಟ್ಟುಬಿಟ್ಟಳು. "ಅವ್ವ ಅತ್ತಾಳಪ್ಪಾ, ನೀ ಲಗೂನ ಬರಿ" ಎಂದಳು. ಅದಕ್ಕೇ ಈ ರಾತ್ರಿಯೇ ಬರೆಯುತ್ತಿದ್ದೇನೆ.

ನಿನಗೆ ಸುಳ್ಳು ಹೇಳುವುದಿಲ್ಲ. ಆ ಮನೆ ಏಳುವಾಗ ನಾನು ಹಲವು ಸಲ ಹೋಗಿ ರಸ್ತೆಯ ಆಚೆ ಬದಿ ನಿಂತು ನೋಡಿದ್ದೇನೆ. ಪಾಯ ಹಾಕಿದಾಗ ನೋಡಿದೆ. ಸ್ಲ್ಯಾಬ್ ಹಾಕಿದ ದಿನ ಆಫೀಸಿನಿಂದ ಅರ್ಧ ದಿನ ರಜೆ ತೆಗೆದುಕೊಂಡು ಹೋಗಿ, ಬಸಲಿಂಗಪ್ಪನಿಗೆ ಕಾಣದ ಹಾಗೆ ನಿಂತಿದ್ದೆ. ನನಗೂ ನಿನ್ನ ಹಾಗೆಯೇ ಆಗಿತ್ತು. ಆಮೇಲೆ ಸ್ಟೇಷನ್ನಿಗೆ ಬಂದು ಗಾಡಿ ಹತ್ತುತ್ತಿದ್ದೆ. ದೇಸೂರು ದಾಟುವವರೆಗೆ ಮನೆಯದೇ ವಿಚಾರ. ಖಾನಾಪುರ ಹತ್ತಿರ ಬಂದ ಹಾಗೆ, ಈ ಹೊತ್ತು ನೀನು ಏನು ಅಡುಗೆ ಮಾಡಿರಬಹುದು ಎಂಬ ವಿಚಾರ. ಹೀಗೆ ಎರಡೂ ನನ್ನೊಳಗೆ ಇದ್ದವು. ಇನ್ನೂ ಇವೆ. ನಿನ್ನ ಪತ್ರದಿಂದ ನಾನು ಪ್ಲಾಟು ಬಿಡಲಿಲ್ಲ. ನಮ್ಮ ಮಗಳು ನನ್ನ ಮನೆ ಎಲ್ಲಿ ಎಂದು ಕೇಳಿದಳು, ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಷ್ಟೇ.

ನಿನ್ನ ಪತ್ರ ಓದಿದಾಗಿನಿಂದ ಒಂದು ವಿಚಾರ ಮಾಡುತ್ತಿದ್ದೇನೆ. ಯಾರಾದರೂ ಬಂದು, ದುಂಡಪ್ಪಾ, ಆ ಮನೆ ನಿನಗೇ ಕೊಡುತ್ತೇನೆ, ಬದಲಿಗೆ ಈ ಏಳು ವರ್ಷದ ಸಂಜೆಗಳಲ್ಲಿ ಕೆಲವನ್ನು ತಿರುಗಿ ಕೊಡು ಎಂದರೆ ಯಾವುದನ್ನು ಕೊಡಲಿ? ಮಲ್ಲು ನನ್ನ ಹೆಗಲ ಮೇಲೆ ಕುಳಿತು ಮಲಪ್ರಭೆಯ ನೀರು ನೋಡಿ ಹೆದರಿ ನನ್ನ ಕೂದಲು ಕಿತ್ತ ಸಂಜೆಯನ್ನು ಕೊಡಲಾರೆ. ಗಾಡಿ ಕೆಟ್ಟು ನಿಂತು, ನಾನು ತೊಯ್ದು ಸರಹೊತ್ತಿನಲ್ಲಿ ಬಂದಾಗ ನೀನು ಕಂದೀಲು ಹಿಡಿದು ಸ್ಟೇಷನ್ನಿನಲ್ಲೇ ನಿಂತಿದ್ದೆ. ಅದನ್ನು ಕೊಡುವುದಿಲ್ಲ. ಬೇಡವಾದದ್ದನ್ನಾದರೂ ಕೊಡೋಣವೆಂದು ಹುಡುಕಿದೆ. ನಿಮ್ಮಣ್ಣನ ಮದುವೆಗೆ ಆಹೇರಿ ಏನು ಕೊಡಬೇಕೆಂದು ಜಗಳಾಡಿ ಒಂದು ವಾರ ಮಾತು ಬಿಟ್ಟಿದ್ದೆವಲ್ಲ, ಆ ಸಂಜೆಗಳನ್ನು ಕೊಟ್ಟುಬಿಡೋಣ ಎಂದುಕೊಂಡೆ. ಆದರೆ ಆ ವಾರ ನೀನು ನನ್ನ ಜೊತೆ ಮಾತಾಡದೆಯೇ ದಿನಾ ನನ್ನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಹಾಕಿ ಕಳಿಸುತ್ತಿದ್ದೆ. ಅದೂ ನನಗೆ ಬೇಕು.

ಖೋಲಿ ಸಣ್ಣದು, ಅದು ಖರೇ. ಮಲ್ಲು ದೊಡ್ಡವಳಾಗುತ್ತಿದ್ದಾಳೆ. ನೀನು ಬಂದ ಮೇಲೆ ಮದರಬೀಯವರ ಪಕ್ಕದ ಖೋಲಿಯನ್ನೂ ಬಾಡಿಗೆಗೆ ಕೇಳೋಣ. ಅಷ್ಟು ಖರ್ಚು ಮಾಡಬಹುದು. ಇನ್ನು ಮೇಲೆ ಹೊಟ್ಟೆಕಿಚ್ಚು ಬಂದರೆ ಇಬ್ಬರೂ ಕೂಡಿಯೇ ಪಡೋಣ, ಒಬ್ಬೊಬ್ಬರೇ ರಸ್ತೆಯಲ್ಲಿ ನಿಲ್ಲುವುದು ಬೇಡ.

ಕೊಡಬಹುದಾದ ಸಂಜೆಗಳು ಕಡೆಗೂ ಸಿಕ್ಕವು. ನೀನು ತರಬೇತಿಗೆ ಹೋದ ಮೇಲೆ ಕಳೆಯುತ್ತಿರುವ ಇವು. ಬೇಕಾದವರು ಎಲ್ಲವನ್ನೂ ಒಯ್ಯಲಿ. ಆದರೆ ಇವುಗಳಿಗೆ ಬೆಳಗಾವಿಯಲ್ಲಿ ಯಾರೂ ಒಂದು ಇಟ್ಟಿಗೆಯನ್ನೂ ಕೊಡುವುದಿಲ್ಲ.

ದುಂಡಪ್ಪ